ಹೂ ಬಿಡದ ಪುಂಡಿ

ಪುಂಡಿ ಸೊಪ್ಪು ಬೇಯುವಾಗ ಏಳುವ ಹುಳಿವಾಸನೆಗೆ ನನಗೆ ಇವತ್ತಿಗೂ ಹಸಿವಾಗುವುದಿಲ್ಲ, ಎದ್ದು ಕಿಟಕಿ ತೆರೆಯುತ್ತೇನೆ. ಅರಬ್ಬರ ನಾಡಿನ ಬರ್ಕಾ ಪಟ್ಟಣದ ಹೊರಗೆ, ಖರ್ಜೂರದ ತೋಟವೊಂದರ ಅಂಚಿನಲ್ಲಿ ನಮಗೆ ಕೊಟ್ಟಿದ್ದ ಎರಡು ಕೋಣೆಯ ಮನೆಯಲ್ಲಿ ಶುಕ್ರವಾರವೆಂದರೆ ಅದೇ ವಾಸನೆ. ಅಪ್ಪ ಬಾಗಲಕೋಟೆ ಕಡೆಯವರು, ಕೃಷಿ ಓದಿ ಆ ತೋಟದ ಉಸ್ತುವಾರಿಗೆ ಬಂದವರು. ಊರಿನಿಂದ ತಂದ ಬೀಜ ಹಾಕಿ ಅವ್ವ ಬಚ್ಚಲ ನೀರು ಹರಿಯುವಲ್ಲಿ ನಾಲ್ಕು ಪುಂಡಿ ಗಿಡ ಬೆಳೆಸಿದ್ದಳು. ತೋಟದ ಆಫೀಸು ನೋಡಿಕೊಳ್ಳುತ್ತಿದ್ದ ಉಡುಪಿಯ ದಯಾನಂದ ಮಾಮ ವಾರವಾರವೂ ನಮ್ಮಲ್ಲೇ ಊಟಕ್ಕೆ ಕೂರುತ್ತಿದ್ದರು. "ಅಕ್ಕ, ಈ ಪುಂಡಿ ಪಲ್ಯ ತಿಂದು ನಾನು ನಮ್ಮೂರ ಮೀನನ್ನೇ ಮರ್ತೆ ಮಾರಾಯ್ರೆ," ಎನ್ನುತ್ತ ರೊಟ್ಟಿ ಮುರಿಯುತ್ತಿದ್ದರು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪನಿಗೆ ಅದೇ ಪುಂಡಿಯನ್ನು ನಾರಿಗಾಗಿ ಬೆಳೆಯುವ ಹುಚ್ಚು ಹಿಡಿಯಿತು. ತೋಟದ ಪಕ್ಕದಲ್ಲಿ ಉಪ್ಪೇರಿ ಬಿಳಿಚಿಕೊಂಡ ನೆಲ ಪಾಳು ಬಿದ್ದಿತ್ತು. ನಾರು ಹಗ್ಗಕ್ಕೆ, ಸೊಪ್ಪು ಆಡುಗಳಿಗೆ ಎಂದು ಹೇಳಿ, ನಮಗೆಲ್ಲ ವೀಸಾ ಕೊಟ್ಟಿದ್ದ ತೋಟದ ಯಜಮಾನ ಕಫೀಲ್‌ನನ್ನು ಒಪ್ಪಿಸಿದರು. ಮೂರು ಸಲ ನೀರು ಕಟ್ಟಿ ಉಪ್ಪನ್ನು ಕೆಳಕ್ಕಿಳಿಸಿ, ಗೇಣಿಗೊಂದು ಸಾಲು ಹೊಡೆದು, ನೆನೆಸಿಟ್ಟ ಬೀಜವನ್ನು ಬಿಡುತ್ತ ನಡೆದರು. ಹಿಂದಿನಿಂದ ನಾನು ಪಾದದಲ್ಲಿ ಮಣ್ಣು ಸರಿಸುತ್ತ ಹೋದೆ. "ಒಂದ್ ಬಟ್ಟಿನಷ್ಟ ಆಳ ಸಾಕವಾ. ಭಾಳ ಹೂತರ ಅದಕ್ಕ ಮ್ಯಾಲ ಬರಾಕ ಆಗಂಗಿಲ್ಲ," ಎಂದರು. ಐದನೇ ದಿನ ಮೊಳಕೆ ಕಂಡಿತು. ಎಂಟನೇ ದಿನಕ್ಕೆ ಅರ್ಧ ಸಸಿಗಳು ಉಪ್ಪಿಗೆ ತುದಿ ಸುಟ್ಟು ಕಂದಿದವು. ಅಪ್ಪ ಬೈಯಲಿಲ್ಲ, ಖಾಲಿಯಾದಲ್ಲೆಲ್ಲ ಮತ್ತೆ ಬೀಜ ಊರಿದರು. ದಟ್ಟವಾದಲ್ಲಿ ಕಿತ್ತು ತೆಳುಮಾಡಿದರು. ಗಿಡ ಮೊಣಕಾಲು ದಾಟಿ ಕಳೆಯನ್ನು ನೆರಳಿನಲ್ಲಿ ಒತ್ತಿದ ದಿನ, ಅವ್ವನನ್ನೂ ನನ್ನನ್ನೂ ಬದುವಿನ ಮೇಲೆ ನಿಲ್ಲಿಸಿ, "ಇನ್ನ ಹೆದರಿಕಿ ಇಲ್ಲ, ಬೇರ ಬಿಟ್ಟೈತಿ," ಎಂದು ನಕ್ಕಿದ್ದರು.

ಪುಂಡಿಯ ಕೆಳಗಿನ ಎಲೆ ದುಂಡಗಿರುತ್ತದೆ. ಗಿಡ ಎತ್ತರವಾದಂತೆ ಮೇಲಿನವು ಐದು ಬೆರಳಾಗಿ ಸೀಳುತ್ತವೆ, ದೂರದಿಂದ ನೋಡಿದವರಿಗೆ ಗಾಂಜಾ ಎಲೆಯಂತೆಯೇ ಕಾಣುತ್ತವೆ. ರಸ್ತೆಯಲ್ಲಿ ಹೋಗುತ್ತಿದ್ದ ಯಾರೋ ಫೋನ್ ಮಾಡಿದ್ದರಂತೆ, ಪೊಲೀಸರು ಬಂದರು. ಅಪ್ಪನಿಗೆ ಬರುತ್ತಿದ್ದುದು ಕೆಲಸದಾಳುಗಳೊಂದಿಗೆ ಆಡುವಷ್ಟು ಅರಬ್ಬಿ. ಚೆನ್ನಾಗಿ ಬಲ್ಲವರು ಮಾಮ ಒಬ್ಬರೇ. "ದಯಾನಂದ, ಇದು ತಿನ್ನೂ ಪಲ್ಯ ಅಂತ ಹೇಳ್ರಿ. ಹೂ ಬರೂತನಕ ಕಾಯಾಕ ಹೇಳ್ರಿ, ಹಳದಿ ಹೂ ನೋಡಿದ್ರ ಅವರಿಗೇ ತಿಳಿತೈತಿ," ಎಂದು ಅಪ್ಪ ಬೇಡಿಕೊಂಡರು. ಅಧಿಕಾರಿ ಮಾಮನ ಕಡೆ ತಿರುಗಿ ಏನೋ ಕೇಳಿದ. ಮಾಮ ಕಫೀಲ್‌ನ ಮುಖ ನೋಡಿದರು, ನೆಲ ನೋಡಿದರು, ಆಮೇಲೆ ಈ ಗಿಡ ತಮಗೆ ಗೊತ್ತಿಲ್ಲವೆಂದು ತಲೆಯಾಡಿಸಿದರು. ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ಅಪ್ಪನನ್ನು ಕರೆದೊಯ್ದರು. ಹನ್ನೊಂದು ದಿನದ ನಂತರ ಪರೀಕ್ಷೆಯಲ್ಲಿ ಏನೂ ಇಲ್ಲವೆಂದಾಯಿತು, ಬಿಟ್ಟರು. ಅಷ್ಟರಲ್ಲಿ ಕಫೀಲ್ ಟ್ರ್ಯಾಕ್ಟರ್ ಹೊಡೆಸಿ ಹೊಲವನ್ನೆಲ್ಲ ಮಗುಚಿಸಿದ್ದ. "ಖಲಾಸ್, ಮುಹಂದಿಸ್," ಮುಗಿಯಿತು ಎಂಜಿನಿಯರೇ, ಎಂದಷ್ಟೇ ಅಪ್ಪನಿಗೆ ಹೇಳಿದ. ಉಸ್ತುವಾರಿ ಮಾಮನ ಪಾಲಾಯಿತು. ಅಪ್ಪ ರುಸೈಲ್‌ನಲ್ಲಿ ಪ್ಲಾಸ್ಟಿಕ್ ಹಗ್ಗದ ಕಾರ್ಖಾನೆಯೊಂದರ ಸ್ಟೋರ್ ಸೇರಿ, ಉಳಿದ ಆಯುಷ್ಯವನ್ನು ಅಲ್ಲೇ ಕಳೆದರು. ಅಲ್ಲಿನ ಬಾಡಿಗೆ ಮನೆಯ ಬಾಲ್ಕನಿಯ ತುಳಸಿಗೂ ಒಂದು ಚೊಂಬು ನೀರು ಹಾಕಲಿಲ್ಲ. ಅವ್ವ ಮಾಮನನ್ನು ಶಪಿಸಿದಾಗ ಮಾತ್ರ, "ಅವಗೂ ಮಕ್ಕಳಿದ್ರು, ಅಂಜಿದ," ಎನ್ನುತ್ತಿದ್ದರು. ನನಗೆ ಆ ದೊಡ್ಡ ಮನಸ್ಸು ಬರಲಿಲ್ಲ.

ಹೋದ ವರ್ಷ ಅಪ್ಪ ತೀರಿಕೊಂಡ ಮೂರನೇ ದಿನ ಮಾಮ ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. "ಅವತ್ತು ನಾನೊಂದು ಮಾತು ಹೇಳ್ಬೇಕಿತ್ತು ಮಗಾ. ಹೆದರಿದೆ," ಎಂದರು.

"ನನಗಾಗ ಹನ್ನೊಂದು ವರ್ಷ ಮಾಮಾ. ನನ್ನನ್ನ ಯಾರೂ ಕೇಳಲಿಲ್ಲ. ನಿಮ್ಮನ್ನ ಕೇಳಿದ್ರು."

ಅವ್ವ ಚಹಾ ತಂದು ಅವರ ಮುಂದಿಟ್ಟಳು. ಅವರು ಅದನ್ನು ಕುಡಿದು, ಚಪ್ಪಲಿ ಮೆಟ್ಟಿ, ಮೆಟ್ಟಿಲಿಳಿದು ಹೋದರು.