ಮಗಳ ಹೆಸರು ತೊಟ್ಟು ನೋಡುವವನು

ಗೋಟೆಬರ್ಗಿನ ಆ ಬೀದಿಯ ತಿರುವಿನಲ್ಲಿ ಟ್ರಾಮ್ ಗಂಟೆ ಎರಡು ಸಲ ಠಣ್ ಎಂದರೆ, ಬೇಕರಿಗೆ ಹಬ್ತೊಮ್ ಬಂದನೆಂದೇ ಲೆಕ್ಕ. ಎರಿಟ್ರಿಯಾದಿಂದ ಬಂದು ಇಲ್ಲಿ ನೆಲೆಸಿದ ಈ ಆರಡಿ ಎತ್ತರದ ಗಡ್ಡದವನಿಗೆ ಹತ್ತು ವಾರದ ಹಿಂದೆ ಮಗಳು ಹುಟ್ಟಿದ್ದಾಳೆ. ಇಲ್ಲಿನ ಕಾನೂನಿನಂತೆ ಹುಟ್ಟಿದ ಮೂರು ತಿಂಗಳೊಳಗೆ ಹೆಸರು ಬರೆಸಬೇಕು. ನಡುವಿನ ಹೆಸರು ಹಬ್ತೊಮನ ತಾಯಿಯದೆಂದು ಆಗಲೇ ನಿಶ್ಚಯವಾಗಿದೆ. ಕರೆಯುವ ಹೆಸರು ಮಾತ್ರ ಸ್ವೀಡನ್ನಿನದೇ ಇರಬೇಕೆಂದು, ಸ್ವೀಡನ್ನಿನವಳಾದ ಹೆಂಡತಿ ಮಾಲಿನ್‌ಗಿಂತ ಇವನದೇ ಹೆಚ್ಚು ಹಟ. ಬನ್ನು ಸಿದ್ಧವಾದಾಗ ಗಿರಾಕಿಯ ಹೆಸರು ಕೂಗುವುದು ಈ ಬೇಕರಿಯ ರೂಢಿ; ಅದಕ್ಕೇ ದಿನಕ್ಕೊಂದು ಹೆಣ್ಣು ಹೆಸರನ್ನು ತನ್ನದೆಂದು ಕೊಟ್ಟು ಏಲಕ್ಕಿ ಬನ್ನು ಹೇಳುತ್ತಾನೆ. "ರಗ್ನ್‌ಹಿಲ್ಡ್!" ಎಂದು ಬೇಕರಿಯ ಮುದುಕಿ ಗುನಿಲ್ಲಾ ಕೂಗಿದರೆ, "ಬಂದೇ!" ಎಂದು ಎದ್ದು ನಿಲ್ಲುತ್ತಾನೆ. "ನಿನ್ನೆ ಸೂಲ್ವೈ ಆಗಿದ್ಯಲ್ಲೋ ಮಾರಾಯ!" "ಅದು ಭುಜದ ಹತ್ರ ಬಿಗಿ ಆಯ್ತು ಗುನಿಲ್ಲಾ, ಇದು ಸೊಂಟದಲ್ಲಿ ಸಡಿಲ." ಗುನಿಲ್ಲಾ ಬಿದ್ದು ಬಿದ್ದು ನಗುತ್ತಾಳೆ. ಅವನೂ ನಗುತ್ತಾನೆ, ನಗುತ್ತಲೇ ಗಿರಾಕಿಗಳ ಕಣ್ಣು ಗಮನಿಸುತ್ತಾನೆ. ಹೆಸರು ಕೇಳಿದೊಡನೆ ಅವರೆಲ್ಲ ಎದ್ದುನಿಂತ ಅವನನ್ನು ದಾಟಿ ಬಾಗಿಲ ಕಡೆ ನೋಡುತ್ತಾರೆ, ಯಾರೋ ಹೊಂಗೂದಲಿನವಳಿಗಾಗಿ. ಮುಂದೆ ಶಾಲೆಯಲ್ಲಿ ಹಾಜರಿ ಕೂಗಿದಾಗ, ಎದ್ದುನಿಂತ ಮಗಳನ್ನೂ ಹೀಗೆಯೇ ದಾಟಿ ನೋಡಿದರೆ? ಇವತ್ತು ಗುನಿಲ್ಲಾ "ಸಿಗ್ನೆ!" ಎಂದಾಗ ಬಾಗಿಲ ಕಡೆ ಒಬ್ಬರೂ ತಿರುಗಲಿಲ್ಲ, ಸೀದಾ ಅವನನ್ನೇ ನೋಡಿದರು. ಕಿಟಕಿ ಪಕ್ಕದ ಮುದುಕನಂತೂ ಪತ್ರಿಕೆಯಿಂದ ತಲೆಯನ್ನೇ ಎತ್ತದೆ, "ಏಳಪ್ಪಾ, ನಿನ್ನನ್ನೇ ಕರೀತಿರೋದು" ಎಂದ. ಹಬ್ತೊಮ್ ಬನ್ನನ್ನು ಅಲ್ಲೇ ಬಿಟ್ಟು, ಫೋನನ್ನು ಕಿವಿಗಿಟ್ಟು, ಭುಜದಿಂದ ಬಾಗಿಲು ತಳ್ಳಿಕೊಂಡು ಹೊರಟೇಬಿಟ್ಟ: "ಮಾಲಿನ್, ಮಗೂನ ಎಬ್ಬಿಸು, ಸಿಗ್ನೆ ಅಂದ್ರು ಕಣೇ, ಎಲ್ರೂ ಸೀದಾ ನನ್ನ ಕಡೆಗೇ..."