ಮರ್ನಾ ಬರೆದ ಒಂದು ಸಾಲು

ಗ್ಯಾರೆಟ್ ವೇಲ್‌ನನ್ನು ಕಂಡರೆ ಮರ್ನಾ ಕುಬಿಯಾಕ್‌ಗೆ ಆಗುತ್ತಿರಲಿಲ್ಲ. ಅದು ಅಂಥಿಂಥ ಆಗದಿರುವುದಲ್ಲ, ಮೂವತ್ತೊಂದು ವರ್ಷ ನೀರೆರೆದು ಸಾಕಿದ ದ್ವೇಷ. ಅವನು ನಿರ್ದೇಶಿಸಿದ ಹೊಸ ಸಿನಿಮಾ ಅವಳ ಊರು ಬಫಲೋಗೆ ಬಂದರೆ ಮೊದಲ ದಿನವೇ ಹೋಗುತ್ತಿದ್ದಳು, ಬೈಯುವುದಕ್ಕೆ ಸರಕು ಬೇಕಲ್ಲ. ಹಿಂದಿನ ಸಾಲಿನಲ್ಲಿ ಕೂತು ಪಾಪ್‌ಕಾರ್ನ್ ಮುಕ್ಕುತ್ತಾ ಕಾಯುತ್ತಿದ್ದಳು. ಎಲ್ಲೋ ಒಂದು ಕಡೆ ತೆರೆ ಪೂರ್ತಿ ಕಪ್ಪಾಗಿ, ಕತ್ತಲೊಳಗಿಂದ ಯಾರೋ ಮಾತಾಡತೊಡಗುತ್ತಿದ್ದರು. "ಬಂತು ನೋಡು ಕದ್ದ ಮಾಲು," ಎಂದು ಪಕ್ಕದವರಿಗೆ ಕೇಳುವಂತೆ ಹೇಳಿ ಎದ್ದು ಹೊರಡುತ್ತಿದ್ದಳು.

ಆ ಕತ್ತಲೆಯಿಂದಲೇ ಗ್ಯಾರೆಟ್ ದೊಡ್ಡವನಾದದ್ದು. ಬಫಲೋದಿಂದ ನ್ಯೂಯಾರ್ಕಿನ ರಂಗಮಂದಿರಗಳಿಗೆ, ಅಲ್ಲಿ ಎರಡು ಪ್ರಶಸ್ತಿ ಬಾಚಿಕೊಂಡು ಸಿನಿಮಾಕ್ಕೆ. ಪಾತ್ರಗಳನ್ನು ಕತ್ತಲಲ್ಲಿ ಮಾತಾಡಿಸುವುದು ಅವನ ರುಜು ಎಂದು ಪತ್ರಿಕೆಯವರು ಬರೆದರು. ಹುತ್ತ ಕಟ್ಟಿದ್ದು ಗೆದ್ದಲು, ಒಳಗೆ ಹೊಕ್ಕು ಕೂತದ್ದು ಹಾವು.

ಮರ್ನಾ ಬಫಲೋದ ಹಳೆಯ ನಾಟಕಶಾಲೆಯ ಸ್ಟೇಜ್ ಮ್ಯಾನೇಜರ್. ನಿರ್ದೇಶಕನೆಂಬುವನು ಮೊದಲ ಪ್ರದರ್ಶನದವರೆಗೆ ಎಲ್ಲರನ್ನೂ ಕುಣಿಸಿ, ಚಪ್ಪಾಳೆ ಹೊಡೆಸಿಕೊಂಡು ವಿಮಾನ ಹತ್ತುತ್ತಾನೆ. ಆಮೇಲೆ ಆರು ವಾರ ಆ ನಾಟಕದ ಉಸಿರು ನಿಲ್ಲದಂತೆ ನೋಡಿಕೊಳ್ಳುವವಳು ಇವಳು. ಹಿಂದಿನ ಗಾಜಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು, "ಲೈಟ್ ನಲವತ್ತೆರಡು, ಸಿದ್ಧ" ಎನ್ನುತ್ತಾಳೆ. ಲೈಟಿನವನು ತನ್ನ ಮೂಲೆಯಲ್ಲಿ ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತಾನೆ. ಅವಳು "ಗೋ" ಎಂದಳೋ, ಒತ್ತಿದ. ನೋಡಿ ಒತ್ತುವಂತಿಲ್ಲ, ಯೋಚಿಸಿ ಒತ್ತುವಂತಿಲ್ಲ. ಅದಕ್ಕೇ ಆ ಒಂದು ಮಾತನ್ನು ಹೆಡ್‌ಫೋನಿನಲ್ಲಿ ಬೇರೆ ಯಾವುದಕ್ಕೂ ಬಾಯಿತಪ್ಪಿಯೂ ಆಡಬಾರದು. ಆಡಲೇಬೇಕಾಗಿ ಬಂದರೆ "ಜಿ, ಓ" ಎಂದು ಬಿಡಿಸಿ ಹೇಳುವುದು ರಂಗದ ಮಂದಿಯ ರೂಢಿ. ಮರ್ನಾ ಮನೆಯಲ್ಲಿ ನಾಯಿಯನ್ನು ಹೊರಗಟ್ಟುವಾಗಲೂ ಬಿಡಿಸಿಯೇ ಹೇಳುತ್ತಿದ್ದಳು. ಗಂಡ ಇದನ್ನು ತಾಳಲಾರದೆ ಬಿಟ್ಟುಹೋದ ಎಂದು ಅವಳ ತಂಗಿ ಛೇಡಿಸುವುದುಂಟು.

ಪ್ರತಿ ಪ್ರದರ್ಶನದ ವರದಿ ಬರೆಯುವುದೂ ಅವಳದೇ ಕೆಲಸ. ಏನು ತಪ್ಪಿತು, ಯಾರಿಂದ ತಪ್ಪಿತು. ಅವಳು ಬರೆದಳೆಂದರೆ ಮುಗಿಯಿತು, ಅದಕ್ಕೆ ಎರಡನೆಯ ಮಾತಿರಲಿಲ್ಲ.

ಮೂವತ್ತೊಂದು ವರ್ಷದ ಹಿಂದಿನ ಆ ಮೊದಲ ಪ್ರದರ್ಶನದಲ್ಲಿ ಗ್ಯಾರೆಟ್‌ಗೆ ಇಪ್ಪತ್ತಾರು, ಮರ್ನಾಗೆ ಮೂವತ್ತೆರಡು. ಕೊನೆಯ ದೃಶ್ಯ ನಡೆದಿತ್ತು. ಕಿಟಕಿಯ ಬಳಿ ಕೂತ ಮುದುಕಿ ಉದ್ದನೆಯ ಮಾತೊಂದನ್ನು ಆಡಿ ಮುಗಿಸಬೇಕು, ಆಮೇಲೆ ದೀಪ ಆರಬೇಕು. ಮರ್ನಾ "ಸಿದ್ಧ" ಎಂದಿದ್ದಳು. ಆಗ ಗ್ಯಾರೆಟ್ ಗಾಜಿನ ಕೋಣೆಗೆ ನುಗ್ಗಿದ. ಪ್ರದರ್ಶನ ನಡೆಯುವಾಗ ಅಲ್ಲಿಗೆ ನಿರ್ದೇಶಕನ ನೆರಳೂ ಸುಳಿಯಬಾರದು. ಇವನು ಅವಳ ಹೆಗಲ ಮೇಲೆ ಬಗ್ಗಿ, "ಈಗ್ಲೇ ಬೇಡ, ತಡಿ, ಇನ್ನೂ ತಡಿ, ಬೆಳಕು ಇರ್ಲಿ," ಎಂದು ಪಿಸುಗುಟ್ಟತೊಡಗಿದ. ಆರು ವಾರದ ತಾಲೀಮಿನಲ್ಲಿ ಅವನ ಕಾಟ ಉಂಡು ಉಂಡು ಮರ್ನಾಗೆ ಗಂಟಲವರೆಗೆ ಬಂದಿತ್ತು.

"ಗೋ ಟು ಹೆಲ್, ಗ್ಯಾರೆಟ್!" ಎಂದಳು.

ಹೆಡ್‌ಫೋನಿನ ಮೈಕು ತೆರೆದೇ ಇತ್ತು. ಲೈಟಿನ ಲೆಸ್ಟರ್ ಡೂಲಿ ಮೊದಲ ಮಾತು ಕೇಳಿದ, ಒತ್ತಿದ. ರಂಗ ಕಪ್ಪಾಯಿತು. ಮುದುಕಿಯ ಪಾತ್ರದ ನಟಿ ಗಟ್ಟಿಗಿತ್ತಿ, ನಿಲ್ಲಿಸಲಿಲ್ಲ. ಉಳಿದ ಒಂಬತ್ತು ಸಾಲನ್ನೂ ಕತ್ತಲಲ್ಲೇ ಆಡಿ ಮುಗಿಸಿದಳು.

ಪರದೆ ಬೀಳುತ್ತಲೇ ಗ್ಯಾರೆಟ್ ರಂಗದ ಹಿಂದೆ ಕಿರುಚಾಡಿದ. "ಆ ಕೈಲಾಗದವನನ್ನ ಹೊರಗೆ ಹಾಕಿ!" ಮಾಲೀಕರು ಮರ್ನಾಳ ಕಡೆ ತಿರುಗಿ, "ನಿಜವಾಗಿ ಆಗಿದ್ದೇನಮ್ಮ?" ಎಂದು ಕೇಳಿದರು. ಅವಳು ಆ ಕುರ್ಚಿಗೆ ಬಂದು ಇನ್ನೂ ಎರಡು ತಿಂಗಳು. ವರದಿಯಲ್ಲಿ ಬರೆದಳು: ಲೈಟಿನವನ ಕೈತಪ್ಪು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಲೆಸ್ಟರ್ ಅಂದೇ ಕೆಲಸ ಕಳೆದುಕೊಂಡು ಕೋಟು ತೊಟ್ಟು ಹೋದ.

ಎರಡು ದಿನ ಕಳೆದು ಪತ್ರಿಕೆಗಳು ಆ ಕತ್ತಲೆಯನ್ನು ಹೊಗಳಿ ಬರೆದವು. ಅಂದಿನಿಂದ ಅದು ಗ್ಯಾರೆಟ್‌ನ ಕಲ್ಪನೆಯಾಯಿತು. ಲೆಸ್ಟರನನ್ನು ಮಾತ್ರ ಯಾರೂ ವಾಪಸ್ ಕರೆಯಲಿಲ್ಲ, ಮರ್ನಾಳೂ ಕರೆಯಲಿಲ್ಲ. ಅವನಿಗೆ ತನ್ನ ದನಿ ಸರಿಯಾಗಿ ಕೇಳಿಸಿರಲಾರದು ಎಂದು ತನಗೆ ತಾನೇ ಹೇಳಿಕೊಂಡು, ತನ್ನ ಪಾಲಿನ ತಪ್ಪನ್ನೂ ಗ್ಯಾರೆಟ್‌ನ ತಲೆಗೇ ಕಟ್ಟಿ ಬದುಕಿದಳು.

ಈಗ ನಾಟಕಶಾಲೆಗೆ ಎಪ್ಪತ್ತೈದು ತುಂಬಿತೆಂದು ಅದೇ ನಾಟಕವನ್ನು ಮತ್ತೆ ಆಡಿಸಲು ಗ್ಯಾರೆಟ್ ಬಂದಿದ್ದ. ಮರ್ನಾಗೆ ಇದು ಕೊನೆಯ ನಾಟಕ, ಬೇಸಿಗೆಗೆ ನಿವೃತ್ತಿ. ತಾಲೀಮಿನ ಮೊದಲ ದಿನ ಮಧ್ಯಾಹ್ನ ಎಲ್ಲರೂ ಉದ್ದ ಮೇಜಿನ ಸುತ್ತ ಕೂತರು. ಸ್ಕಾರ್ಫ್ ಸುತ್ತಿಕೊಂಡ ಗ್ಯಾರೆಟ್ ಎಳೆಯ ನಟನಟಿಯರಿಗೆ ಪುರಾಣ ಬಿಚ್ಚಿದ.

"ಆ ಕತ್ತಲೆಗೋಸ್ಕರ ನಾನು ಇದೇ ಊರಲ್ಲಿ ಎಲ್ಲರ ಜೊತೆ ಜಗಳ ಆಡ್ದೆ. ಲೈಟಿನೋನೊಬ್ಬ ಇದ್ದ, ಡೂಲಿ ಅಂತ. ಹೆದರುಪುಕ್ಕಲ. ಒತ್ತಲ್ಲ ಅಂತ ಹಟ ಹಿಡ್ದ. ಕಳಿಸ್ಬೇಕಾಯ್ತು."

ಮರ್ನಾ ಎದ್ದು ನಿಂತಳು.

"ಬಾಯಿ ಮುಚ್ಚು ಗ್ಯಾರೆಟ್. ನನ್ನ ಕತ್ತಲೆ ಕದ್ದೆ, ನಾನು ಸುಮ್ನಿದ್ದೆ. ಲೆಸ್ಟರ್ ಸುದ್ದಿಗೆ ಬರ್ಬೇಡ. ಅವನು ಹಟ ಮಾಡ್ಲಿಲ್ಲ. ಮಾತು ಕೇಳಿಸ್ತು, ಒತ್ತಿದ."

ಗ್ಯಾರೆಟ್ ಹಲ್ಲು ಕಾಣುವಂತೆ ನಕ್ಕ. "ಯಾರ ಮಾತು, ತಾಯಿ? ಹೇಳು, ಮಕ್ಕಳು ಕೇಳ್ಲಿ."

ಅವಳಿಗೆ ಆಗ ಗೊತ್ತಾಯಿತು, ಇವನಿಗೆ ಮೊದಲಿನಿಂದಲೂ ಎಲ್ಲ ಗೊತ್ತು.

"ನಂದು," ಎಂದಳು. "ನಾನು ಗೋ ಅಂದೆ. ವರದಿಯಲ್ಲಿ ಸುಳ್ಳು ಬರ್ದೆ."

"ಹತ್ತು ನಿಮಿಷ ವಿರಾಮ," ಎಂದ ಗ್ಯಾರೆಟ್. "ಥ್ಯಾಂಕ್ಯೂ, ಹತ್ತು," ಎಂದು ಎಲ್ಲರೂ ರೂಢಿಯಂತೆ ಒಕ್ಕೊರಲಿನಿಂದ ಅಂದು ಕಾಫಿಗೆ ಎದ್ದರು. ಒಬ್ಬಳು ನಟಿ ಮಾತ್ರ ಮರ್ನಾಳನ್ನು ದಿಟ್ಟಿಸಿ ನೋಡಿಕೊಂಡೇ ಹೋದಳು.

ಕಾಫಿಯ ಹೂಜಿಯ ಬಳಿ ಗ್ಯಾರೆಟ್ ಅವಳನ್ನು ಹಿಡಿದ. "ನಾನು ನಿನ್ನ ಬೆನ್ನ ಹಿಂದೇನೇ ನಿಂತಿದ್ದೆನಲ್ಲೇ. ಕಿವುಡನಾ? ನನಗೆ ಆರು ವಾರ ನಾಟಕ ನಡೆಸೋರು ಬೇಕಿತ್ತು. ಗುಂಡಿ ಒತ್ತೋರು ಯಾವ ಬೀದಿಲಾದ್ರೂ ಸಿಗ್ತಾರೆ. ನಿನ್ನ ಉಳಿಸಿದ್ದು ನಾನು."

"ನೀನು ಹೊಲಸು ಮನುಷ್ಯ."

"ಇರ್ಬಹುದು. ಆದ್ರೆ ಬರ್ದಿದ್ದು ನಾನಲ್ಲ," ಎಂದು ಎರಡು ಚಮಚ ಸಕ್ಕರೆ ಹಾಕಿಕೊಂಡು ಹೋದ. ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು ಅವಳಿಗೆ. ಬಾರಿಸಿದ್ದರೂ ಆ ಮಾತು ಸುಳ್ಳಾಗುತ್ತಿರಲಿಲ್ಲ.

ಸೋಮವಾರ ನಾಟಕದವರಿಗೆ ರಜೆ. ಬೆಳಿಗ್ಗೆ ಹತ್ತಕ್ಕೆ ಮರ್ನಾ ಕಾರು ತೆಗೆದುಕೊಂಡು ದಕ್ಷಿಣ ಬಫಲೋದಲ್ಲಿದ್ದ ಲೆಸ್ಟರನ ಮನೆಗೆ ಹೋದಳು. ನಗರಸಭೆಯ ಹಿಮ ತೆಗೆಯುವ ಲಾರಿ ಓಡಿಸಿ ಲೆಸ್ಟರ್ ನಿವೃತ್ತನಾಗಿದ್ದ. ಒಂದು ಕ್ಷಮೆ, ಒಂದೇ ಒಂದು ಹಗುರಾದ ಮಾತು ಅವನ ಬಾಯಿಂದ ಬಂದರೆ ಸಾಕಿತ್ತು. ಅವನು ಹೊರಬಾಗಿಲನ್ನು ಅರ್ಧ ತೆರೆದು ಅಲ್ಲೇ ನಿಂತ. ಒಳಗೆ ಬಾ ಎನ್ನಲಿಲ್ಲ.

"ಅವತ್ತು ಗೋ ಅಂದಿದ್ದು ನಾನು, ಲೆಸ್."

"ಗೊತ್ತು. ನನ್ನ ಕಿವಿಲಿ ನಿನ್ನ ದನಿ ಬಿಟ್ಟು ಇನ್ಯಾರದಿತ್ತು?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ ಒಂದು ವಾರ ಫೋನ್ ಹತ್ರ ಕೂತಿದ್ದೆ."

"ಹೇಳ್ದೆ ಲೆಸ್. ಮೊನ್ನೆ, ಎಲ್ಲರೆದುರಿಗೇ ಹೇಳ್ದೆ."

"ಎಲ್ಲರೂ ಅಂದ್ರೆ? ಅಲ್ಲಿ ನನ್ನನ್ನ ಕಂಡೋರು ಯಾರಾದ್ರೂ ಇದ್ರಾ?"

ಗ್ಯಾರೆಟ್ ಒಬ್ಬ ಇದ್ದ, ಅವನಿಗೆ ಮೊದಲೇ ಗೊತ್ತಿತ್ತು. ಮಾಲೀಕರು ಸತ್ತಿದ್ದರು. ಮುದುಕಿಯ ಪಾತ್ರದ ನಟಿಯೂ ಸತ್ತಿದ್ದಳು. ಮರ್ನಾ ಇಲ್ಲವೆಂದು ತಲೆಯಾಡಿಸಿದಳು.

"ಅದೇ ನಾಟಕಶಾಲೇಲಿ ನಲವತ್ತು ವರ್ಷ ಪರದೆ ಎಳೆದೋನು ನಮ್ಮಪ್ಪ," ಎಂದ ಲೆಸ್ಟರ್. ದನಿ ಏರಿಸಲಿಲ್ಲ. "ನನ್ನನ್ನ ಅಲ್ಲಿಗೆ ಸೇರಿಸಿದ್ದೂ ಅವನೇ. ಮನೆಗೆ ಬಂದು ಎಲ್ಲ ಹೇಳ್ದೆ. ಸಾಯೋ ತನಕ ನಂಬ್ಲಿಲ್ಲ ಕಣೇ. ಮರ್ನಾ ವರದಿ ಬರ್ದಿದ್ದಾಳೆ, ಆ ಹುಡುಗಿ ಸುಳ್ಳು ಬರೆಯೋಳಲ್ಲ, ನೀನೇ ಸುಳ್ಳ ಅಂದ."

ಅವನು ಬಾಗಿಲು ಹಾಕಿಕೊಂಡ.