ಜಗದೀಶನನ್ನು ಎರಡು ಸಲ ಕೊಂದದ್ದು

ನಾನು ವಾರಕ್ಕೆ ನಾಲ್ಕು ಜನರನ್ನು ಕೊಲ್ಲುತ್ತಿದ್ದ ಕಾಲವದು. ಶಿವಾಜಿನಗರದ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ. ಜೊತೆಗೆ ಅಲ್ಲೇ ಅಚ್ಚಾಗುತ್ತಿದ್ದ ವಾರಪತ್ರಿಕೆಗೆ ‘ಒಂಬೈನೂರನೇ ಅಡಿ’ ಎಂಬ ಧಾರಾವಾಹಿ. ಕಗ್ಗದಾಸಪುರದಲ್ಲಿ ಬೋರ್‌ವೆಲ್ ಕೊರೆಯುವಾಗ ಬೇರೆ ಗ್ರಹದ ಜಂತುವೊಂದು ಮೇಲೆ ಬರುತ್ತದೆ, ಮಿಲಿಟರಿಯವರು ಕಾವಲು ನಿಲ್ಲುತ್ತಾರೆ, ಜಂತು ಅವರನ್ನು ಒಬ್ಬೊಬ್ಬರನ್ನಾಗಿ ನುಂಗುತ್ತದೆ. ಇಷ್ಟೇ ಕಥೆ. ನೀರು ಮಾತ್ರ ಕೊನೆಯವರೆಗೂ ಬರುವುದಿಲ್ಲ. ಅದರಲ್ಲಿದ್ದ ಸತ್ಯ ಅದೊಂದೇ.

ನಾನು ಬಾಡಿಗೆಗಿದ್ದದ್ದೂ ಕಗ್ಗದಾಸಪುರದಲ್ಲೇ, ಮನೆಯೊಡತಿ ದೊಡ್ಡಮುನಿಯಮ್ಮ. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆದಾರರನ್ನು ಬೆಳೆಯುತ್ತಿದ್ದರು. ಅವರ ಒಬ್ಬನೇ ಮಗ ಜಗದೀಶ ನಿಜವಾದ ಸಿಪಾಯಿ. ತೊಂಬತ್ತೊಂಬತ್ತರ ಮೇ ತಿಂಗಳಲ್ಲಿ ರಜೆಗೆ ಬಂದಿದ್ದವನನ್ನು, ಕಾರ್ಗಿಲ್ ಗಲಾಟೆ ಶುರುವಾದದ್ದೇ ವಾಪಸ್ ಕರೆಸಿಕೊಂಡರು. ಹೊರಡುವ ದಿನ ಬೆಳಿಗ್ಗೆ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದವನ ತಲೆಗೆ ಕಾಗೆ ಬಡಿದು ಹೋಯಿತು.

ಕಾಗೆ ಬಡಿದರೆ ಸಾವು ಬಾಗಿಲಿಗೆ ಬಂದಂತೆ ಎಂದು ನಮ್ಮ ಕಡೆ ನಂಬಿಕೆ. ಪರಿಹಾರವೂ ಉಂಟು: ಅವನು ಸತ್ತೇಹೋದನೆಂದು ನೆಂಟರಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ನಂಬಿ ಅತ್ತರೆ ಗಂಡಾಂತರ ಕಳೆಯಿತು. ಯಮನೂ ಸರ್ಕಾರಿ ನೌಕರನೇ. ಅಳು ಕೇಳಿಸಿದರೆ ಈ ಮನೆಯ ಕೆಲಸ ಮುಗಿದಿದೆ ಎಂದು ಬರೆದುಕೊಂಡು ಹೋಗುತ್ತಾನೆ. ಮನೆಯವರ ಅಳು ನಡೆಯುವುದಿಲ್ಲ, ಅವರಿಗೆ ಸುಳ್ಳೆಂದು ಗೊತ್ತಲ್ಲ.

ದೊಡ್ಡಮುನಿಯಮ್ಮ ಎಸ್‌ಟಿಡಿ ಬೂತಿಗೆ ಓಡಿ, ಹೊಸಕೋಟೆಯಲ್ಲಿದ್ದ ತಂಗಿ ಸುಭದ್ರಮ್ಮನಿಗೆ ಸುದ್ದಿ ಹೇಳಿದರು. ಆಕೆ ಅಳಲಿಲ್ಲ. “ಕಾಗೆ ಮುಟ್ತೇನಕ್ಕಾ?” ಎಂದು ಕೇಳಿದಳು.

ಮಾರನೆಯ ದಿನ ದೊಡ್ಡಮುನಿಯಮ್ಮ ನನ್ನ ಬಾಗಿಲಲ್ಲಿ ನಿಂತಿದ್ದರು.

“ಮೇಷ್ಟ್ರೇ, ನೀವು ಕಥೇಲಿ ಮಿಲಿಟ್ರಿಯವ್ರನ್ನ ಸಾಯಿಸ್ತೀರಂತಲ್ಲ. ನಮ್ ಜಗದೀಶನ್ನೂ ಸಾಯಿಸ್ಬಿಡಿ.”

ನಾನು ಮೇಷ್ಟರಲ್ಲ, ಕನ್ನಡಕ ಹಾಕಿದವರೆಲ್ಲ ಅವರಿಗೆ ಮೇಷ್ಟರೇ.

“ಅಮ್ಮಾ, ಅದು ಸುಳ್ಳು ಕಥೆ.”

“ಸುಳ್ಳೇ ಬೇಕಾಗಿರೋದು. ಜನ ಅಳ್ಬೇಕು, ಅಷ್ಟೇ.”

ಆ ವಾರವೇ ಸಿಪಾಯಿ ಜಗದೀಶನನ್ನು ಜಂತು ನುಂಗಿ ಬೂಟು ಉಗುಳಿತು. ಪ್ರೆಸ್ಸಿನಲ್ಲಿ ಟೈಪ್ ಮಾಡುತ್ತಿದ್ದ ಅಕ್ತರ್ ಬಿದ್ದು ಬಿದ್ದು ನಕ್ಕ. “ಸೂಪರ್ ಗುರು! ಬೂಟು ಅರಗಲ್ವಾ ಅದಕ್ಕೆ?” ಓದುಗರ ಪತ್ರಗಳದ್ದೂ ಅದೇ ರಾಗ. ದೊಡ್ಡಮುನಿಯಮ್ಮ ದಿನಾ ಕೇಳುತ್ತಿದ್ದರು, “ಯಾರಾದ್ರೂ ಅತ್ರಾ?” ನನಗೆ ನಾಚಿಕೆಯಾಯಿತು. ಅಷ್ಟರಲ್ಲಿ ಎಪ್ಪತ್ತು ಚಿಲ್ಲರೆ ಸಿಪಾಯಿಗಳನ್ನು ಕೊಂದಿದ್ದೆ, ಒಬ್ಬನಿಗೂ ತಾಯಿಯೇ ಇರಲಿಲ್ಲ.

“ಅವನ ವಿಷಯ ಹೇಳಿ” ಎಂದು ಅವರೆದುರು ಕೂತೆ.

ಹೇಳಿದರು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ. ಗೆಳೆಯನಿಗೆ ಜೊತೆಯಾಗಿ ಹಲಸೂರಿಗೆ, ಸೇನೆಯ ಭರ್ತಿಗೆ ಹೋದ. ಪಾದ ಚಪ್ಪಟೆಯೆಂದು ಗೆಳೆಯನನ್ನು ಓಡಿಸಿ, ಸುಮ್ಮನೆ ನಿಂತಿದ್ದ ಇವನನ್ನು ಹಿಡಿದುಕೊಂಡರು. ಬಂದೂಕಿಗೆ ಹೆದರದವನು ಜಿರಳೆ ಕಂಡರೆ ಮಂಚ ಹತ್ತುತ್ತಾನೆ. ಹೊರಟ ದಿನ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ, ಇಷ್ಟು ದೊಡ್ಡ ಬುತ್ತಿ ಯಾಕೆ ತಂದೆ, ಜೊತೆಯವರು ನಗುತ್ತಾರೆ ಎಂದು ತಾಯಿಯ ಮೇಲೆ ರೇಗಿದ. ರೈಲು ಹೊರಟ ಮೇಲೆ ಕಿಟಕಿಯಿಂದ ಕೂಗಿದನಂತೆ: “ಅಮ್ಮಾ, ನೀನು ಉಂಡ್ಯಾ?”

“ಕಾಗೆ ಬಡಿದಾಗಿಂದ ಒಂದ್ ತೊಟ್ಟು ನೀರೂ ಇಳಿದಿರ್ಲಿಲ್ಲ. ಉಂಡೆ ಕಣಪ್ಪಾ ಅಂತ ಕೂಗ್ದೆ” ಎಂದರು.

ಜಂತುವಿಗೆ ಅಜೀರ್ಣವಾಗಿ ಜಗದೀಶ ಜೀವಸಹಿತ ಹೊರಬಂದ. ಮುಂದಿನ ವಾರ, ಕಗ್ಗದಾಸಪುರದ ಚಿಕ್ಕವೆಂಕಟಪ್ಪನವರ ಮಗ ಎಂದು ವಿಳಾಸ ಸಮೇತ, ಜಿರಳೆ, ಬುತ್ತಿ, ರೈಲು ಸಮೇತ ಅವನನ್ನು ಮತ್ತೆ ಕೊಂದೆ. ಅಕ್ತರ್ ಅರ್ಧಕ್ಕೇ ಕೈ ನಿಲ್ಲಿಸಿದ. ಎದ್ದು ಹೊರಗೆ ಹೋಗಿ ತನ್ನ ಅಮ್ಮನಿಗೆ ಫೋನ್ ಮಾಡಿ ಬಂದು ಮಿಕ್ಕಿದ್ದನ್ನು ಟೈಪ್ ಮಾಡಿದ.

ಪತ್ರಿಕೆ ಹೊರಬಿದ್ದ ಮೂರನೇ ದಿನ ಸುಭದ್ರಮ್ಮ ಬಸ್ಸಿಳಿದು, ಬೀದಿಯುದ್ದಕ್ಕೂ ಎದೆ ಬಡಿದುಕೊಳ್ಳುತ್ತ ಬಂದಳು. ಫೋನಿನಲ್ಲಿ ಹೇಳಿದ್ದನ್ನು ನಂಬದವಳು ಅಚ್ಚಾದದ್ದನ್ನು ನಂಬಿದ್ದಳು.

“ಅದ್ಯಾವ್ದೋ ಪ್ರಾಣಿ ತಿಂದ್ಬಿಡ್ತಂತಲ್ಲಕ್ಕಾ!”

ದೊಡ್ಡಮುನಿಯಮ್ಮನಿಗೆ ಆನಂದವೋ ಆನಂದ. ತಂಗಿಯನ್ನು ಕೂರಿಸಿ, ಕಾಫಿ ಕೊಟ್ಟು, “ಇನ್ನೊಂದ್ ಸ್ವಲ್ಪ ಅಳೇ” ಎಂದರು.

ಜಗದೀಶ ನವೆಂಬರಿನಲ್ಲಿ ಬಂದ, ಎರಡು ಕಾಲ್ಬೆರಳುಗಳನ್ನು ಹಿಮಕ್ಕೆ ಕೊಟ್ಟು. ಜಿರಳೆ ವಿಷಯಕ್ಕೆ ಊರೆಲ್ಲ ನಗುತ್ತಿತ್ತು, ಬೈಯಲೆಂದೇ ನನ್ನ ಕೋಣೆಗೆ ನುಗ್ಗಿದ. ಆ ಕಂತನ್ನು ಕೈಗೆತ್ತಿಕೊಂಡು ಎರಡು ಸಲ ಓದಿದ. ಬೈಯಲಿಲ್ಲ.

“ನನ್ ಪಕ್ಕದಲ್ಲೇ ಚಿನ್ನಪ್ಪ ಅಂತ ಇದ್ದ, ಕೆ.ಆರ್. ಪುರದೋನು. ಅವ್ನಿಗೆ ಯಾವ ಕಾಗೇನೂ ಮುಟ್ಟಿರ್ಲಿಲ್ಲ. ಹೋಗ್ಬಿಟ್ಟ. ಅವ್ನಿಗೂ ಅಮ್ಮ ಇದ್ದಾರೆ.”

ನಾಲ್ಕು ತಿಂಗಳಿಂದ ಯಮನನ್ನೇ ಯಾಮಾರಿಸಿದೆನೆಂದು ಬೀಗುತ್ತಿದ್ದವನು ನಾನು.

“ಅವ್ನನ್ನೂ ಕಥೇಲಿ ಹಾಕಿ ಸಾರ್. ಸಾಯಿಸ್ಬೇಡಿ.”

ಹಾಕಿದೆ. ಧಾರಾವಾಹಿ ಇನ್ನೂ ಹನ್ನೊಂದು ವಾರ ನಡೆಯಿತು. ರಕ್ತ ಸಾಲದೆಂದು ಸಂಪಾದಕರು ಗೊಣಗಿದಾಗಲೆಲ್ಲ ಕರ್ನಲನನ್ನೂ ವಿಜ್ಞಾನಿಗಳನ್ನೂ ಒಬ್ಬ ಮಂತ್ರಿಯನ್ನೂ ಜಂತುವಿಗೆ ಕೊಟ್ಟೆ. ಚಿನ್ನಪ್ಪನನ್ನು ಮುಟ್ಟಲಿಲ್ಲ. ಅವನಿದ್ದ ಮೊದಲ ಕಂತನ್ನು ಜಗದೀಶನೇ ಕೆ.ಆರ್. ಪುರಕ್ಕೆ ಒಯ್ದು ಓದಿ ಹೇಳಿದ್ದ. ಆಮೇಲೆ ಪ್ರತಿ ವಾರ ಚಿನ್ನಪ್ಪನ ತಾಯಿ ಬಸ್ಸು ಹಿಡಿದು ಪ್ರೆಸ್ಸಿಗೆ ಬರತೊಡಗಿದರು. ಒಳಗೆ ಬರುತ್ತಿರಲಿಲ್ಲ. ಬಾಗಿಲಲ್ಲೇ ನಿಂತು ಅಕ್ತರನನ್ನು ಕೇಳುತ್ತಿದ್ದರು: “ಈ ವಾರ ನಮ್ ಹುಡ್ಗ ಇದಾನಾ?”

ಇದಾನೆಂದು ಕೇಳಿಸಿಕೊಂಡು ಹೋಗುತ್ತಿದ್ದರು.

ಕಥೆ ಮುಗಿದ ಮುಂದಿನ ವಾರವೂ ಬಂದರು. ಕೇಳಿದರು. ಅಕ್ತರ್ ನನ್ನ ಮುಖ ನೋಡಿದ.

“ಇದಾನಮ್ಮಾ” ಎಂದೆ.